ಹೋಮ್ ಸ್ಕ್ರೀನ್‌ನಲ್ಲಿ ಫೋನಿನ ಐಪಿ ವಿಳಾಸ ತೋರಿಸುವ ವಿಜೆಟ್: ಹಳೆಯ ಸಂಖ್ಯೆಯನ್ನೇ ತೋರಿಸುತ್ತಿರುವುದೇಕೆ?

ಹುಳುಮನೆ_ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಹಿಂದೆಯೇ ರೇಷ್ಮೆ ಹುಳು ಸಾಕುವ ಮನೆ ಇದೆ. ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಮೇಲೆ ರಾತ್ರಿ ಹೊತ್ತು ಪದೇ ಪದೇ ಬಾಗಿಲು ತೆಗೆದು ನೋಡುವುದು ಬೇಡವೆಂದು, ಹಳೆಯ ಆಂಡ್ರಾಯ್ಡ್ 10 ಫೋನೊಂದನ್ನು ಒಳಗಿನ ಗೋಡೆಗೆ ಕಟ್ಟಿ ಅದರಲ್ಲಿ ಕ್ಯಾಮೆರಾ ಆ್ಯಪ್ ಹಾಕಿದ್ದೇನೆ. ಉಷ್ಣಾಂಶ ಮತ್ತು ತೇವಾಂಶ ತೋರಿಸುವ ಮಾಪಕವನ್ನು ಅದರ ಕಣ್ಣಿಗೆ ಬೀಳುವಂತೆ ತೂಗುಹಾಕಿರುವುದರಿಂದ, ಮನೆಯಲ್ಲೇ ಕುಳಿತು ಬ್ರೌಸರ್‌ನಲ್ಲಿ 192.168.1.7:8080 ಎಂದು ಹಾಕಿದರೆ ಎರಡೂ ಕಾಣುತ್ತವೆ.

ತೊಂದರೆ ಶುರುವಾಗುವುದು ಕರೆಂಟು ಹೋಗಿ ಬಂದಾಗ. ರೌಟರ್ ಮತ್ತೆ ಆನ್ ಆದ ಮೇಲೆ ಆ ಫೋನಿಗೆ ಬೇರೆ ಸಂಖ್ಯೆ, ಅಂದರೆ ಬೇರೆ ಐಪಿ ವಿಳಾಸ, ಸಿಕ್ಕಿರುತ್ತದೆ. ಹೊಸ ಸಂಖ್ಯೆ ತಿಳಿಯಬೇಕಾದರೆ ಸೆಟ್ಟಿಂಗ್ಸ್, ಅಲ್ಲಿಂದ ವೈಫೈ, ಅಲ್ಲಿಂದ ನೆಟ್‌ವರ್ಕ್ ವಿವರ ಎಂದು ಒಳಗೊಳಗೆ ಹೋಗಬೇಕು. ನಾನಿಲ್ಲದಾಗ ಅಮ್ಮನಿಗೆ ಇದು ಆಗದ ಕೆಲಸ. ಆದ್ದರಿಂದ ಹೋಮ್ ಸ್ಕ್ರೀನ್‌ನಲ್ಲೇ ದೊಡ್ಡ ಅಂಕಿಗಳಲ್ಲಿ ವಿಳಾಸ ತೋರಿಸುವ ಒಂದು ವಿಜೆಟ್ ಹಾಕಿದೆ. ಆದರೆ ರೌಟರ್ ಆಫ್ ಆಗಿದ್ದಾಗಲೂ ಅದು ಹಳೆಯ ಸಂಖ್ಯೆಯನ್ನೇ ತೋರಿಸುತ್ತಿರುತ್ತದೆ, ಹೊಸ ಸಂಖ್ಯೆ ಬಂದು ಬಹಳ ಹೊತ್ತಾದರೂ ಬದಲಾಗುವುದಿಲ್ಲ. ಇದಕ್ಕೆ ಕಾರಣವೇನು, ಸರಿಯಾಗಿ ಕೆಲಸ ಮಾಡುವ ದಾರಿ ಯಾವುದು?

ಇನ್ನೊಂದು ಸಂದೇಹವೂ ಇದೆ. ಅದೇ ವಿಜೆಟ್ ಅನ್ನು ನನ್ನ ಸ್ವಂತ ಫೋನಿನಲ್ಲಿ ಹಾಕಿ ಮೊಬೈಲ್ ಡೇಟಾದಲ್ಲಿ ನೋಡಿದರೆ 192.0.0.4 ಎಂದು ಬರುತ್ತದೆ. ನನ್ನ ಸ್ನೇಹಿತನ ಫೋನಿನಲ್ಲೂ ಅದೇ ಸಂಖ್ಯೆ. ಇಬ್ಬರಿಗೆ ಒಂದೇ ವಿಳಾಸ ಹೇಗೆ ಸಾಧ್ಯ?

ತುಮಕೂರು_ಲ್ಯಾಬ್

ನಿಮ್ಮ ಎರಡನೇ ಸಂದೇಹವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಅರ್ಥವಾದರೆ ವಿಜೆಟ್‌ನಿಂದ ಏನನ್ನು ಕೇಳಬೇಕು ಎಂಬುದೂ ಸ್ಪಷ್ಟವಾಗುತ್ತದೆ. ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಅಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲೂ ಹೆಚ್ಚಿನವರು ಫೋನಿಗೆ ಇರುವುದು ಒಂದೇ ವಿಳಾಸ ಎಂದುಕೊಂಡಿರುತ್ತಾರೆ. ವಾಸ್ತವದಲ್ಲಿ ಒಂದೇ ಹೊತ್ತಿನಲ್ಲಿ ಫೋನಿಗೆ ಹಲವು ವಿಳಾಸಗಳಿರುತ್ತವೆ: ವೈಫೈಗೆ ಒಂದು, ಮೊಬೈಲ್ ಡೇಟಾಗೆ ಇನ್ನೊಂದು, ಹಾಟ್‌ಸ್ಪಾಟ್ ಹಾಕಿದ್ದರೆ ಅದಕ್ಕೆ ಮತ್ತೊಂದು, ವಿಪಿಎನ್ ಇದ್ದರೆ ಅದರದು ಬೇರೆ. ಇವೆಲ್ಲದರ ಜೊತೆಗೆ ಹೊರಗಿನ ಜಗತ್ತಿಗೆ ಕಾಣುವ ಸಾರ್ವಜನಿಕ ವಿಳಾಸವಿದೆ. ಐಪಿಯ ಹಳೆಯ ನಾಲ್ಕನೇ ಆವೃತ್ತಿಯ (192.168.1.7ರಂಥ ಸಂಖ್ಯೆಗಳ) ಮಟ್ಟಿಗೆ ಈ ಸಾರ್ವಜನಿಕ ವಿಳಾಸ ಸಾಮಾನ್ಯವಾಗಿ ಫೋನಿನೊಳಗೆ ಎಲ್ಲಿಯೂ ಬರೆದಿರುವುದೇ ಇಲ್ಲ.

1996ರಲ್ಲಿ ಬಂದ ಆರ್‌ಎಫ್‌ಸಿ 1918 ಎಂಬ ದಾಖಲೆ ಮೂರು ಗುಂಪುಗಳನ್ನು ಖಾಸಗಿ ಬಳಕೆಗೆಂದು ಬಿಟ್ಟಿದೆ: 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು ಮತ್ತು 192.168ರಿಂದ ಆರಂಭವಾಗುವವು. ತುಮಕೂರಿನ ಪ್ರತಿ ಬಡಾವಣೆಯಲ್ಲೂ ಒಂದು 4ನೇ ಕ್ರಾಸ್ ಇರುವಂತೆ, ಪ್ರತಿ ಮನೆಯ ರೌಟರ್‌ನ ಕೆಳಗೂ ಒಂದು 192.168.1.4 ಇರಬಹುದು, ಒಂದಕ್ಕೊಂದು ಅಡ್ಡಬರುವುದಿಲ್ಲ. 100.64ರಿಂದ 100.127ರವರೆಗಿನ ಸಂಖ್ಯೆ ಕಂಡರೆ ಅದು ಸೇವಾ ಕಂಪನಿ ತನ್ನ ಗ್ರಾಹಕರ ನಡುವೆ ಹಂಚುವ ವಿಳಾಸ. ಆ ಗುಂಪನ್ನು 2012ರಲ್ಲಿ ಆರ್‌ಎಫ್‌ಸಿ 6598ರ ಮೂಲಕ ಪ್ರತ್ಯೇಕವಾಗಿ ಕಾದಿರಿಸಲಾಯಿತು.

ನಿಮ್ಮ 192.0.0.4 ಇವು ಯಾವುದಕ್ಕೂ ಸೇರಿದ್ದಲ್ಲ. ನಿಮ್ಮ ಸಿಮ್‌ನ ಜಾಲ ಒಳಗೊಳಗೆ ಐಪಿಯ ಹೊಸ ಆರನೇ ಆವೃತ್ತಿಯಲ್ಲೇ ನಡೆಯುತ್ತಿದೆ. ಆದರೆ ಹಳೆಯ ಆ್ಯಪ್‌ಗಳು ನಾಲ್ಕನೇ ಆವೃತ್ತಿಯ ವಿಳಾಸವನ್ನೇ ಕೇಳುವುದರಿಂದ, ಅವುಗಳ ಸಮಾಧಾನಕ್ಕೆಂದು ಆಂಡ್ರಾಯ್ಡ್ ತಾನೇ ಒಂದು ನಾಲ್ಕನೇ ಆವೃತ್ತಿಯ ವಿಳಾಸವನ್ನು ಸೃಷ್ಟಿಸಿಕೊಂಡು, ಹೊರಗೆ ಹೋಗುವಾಗ ಅದನ್ನು ಆರಕ್ಕೆ ಪರಿವರ್ತಿಸುತ್ತದೆ. 464ಎಕ್ಸ್‌ಲ್ಯಾಟ್ ಎನ್ನುವ ಈ ವಿಧಾನ 2013ರ ಆರ್‌ಎಫ್‌ಸಿ 6877ರಲ್ಲಿದೆ. ಈ ಸಂಖ್ಯೆ ಫೋನಿನ ಹೊರಗೆ ಹೋಗುವುದೇ ಇಲ್ಲವಾದ್ದರಿಂದ ಎಲ್ಲ ಫೋನುಗಳಲ್ಲೂ ಒಂದೇ ಆಗಿದ್ದರೂ ನಷ್ಟವಿಲ್ಲ. ಇದನ್ನು ‘ನಿಮ್ಮ ಐಪಿ’ ಎಂದು ದೊಡ್ಡ ಅಕ್ಷರದಲ್ಲಿ ತೋರಿಸುವ ವಿಜೆಟ್ ಸುಳ್ಳು ಹೇಳುತ್ತಿಲ್ಲವಾದರೂ, ಅದರಿಂದ ನಿಮಗೆ ಕವಡೆ ಕಾಸಿನ ಉಪಯೋಗವೂ ಇಲ್ಲ.

ಚಿಂತಾಮಣಿ_ಆ್ಯಪ್

ಲ್ಯಾಬ್ ಸರ್ ಹೇಳಿದ್ದರ ಜೊತೆಗೆ ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಆಂಡ್ರಾಯ್ಡ್ ಆ್ಯಪ್ ಬರೆಯುವುದೇ ನನ್ನ ಕೆಲಸ, ವಿಜೆಟ್‌ಗಳ ಕಾಟ ದಿನವೂ ಇದ್ದದ್ದೇ.

ವಿಜೆಟ್ ಎಂದರೆ ಹೋಮ್ ಸ್ಕ್ರೀನ್ ಮೇಲೆ ಸದಾ ಓಡುತ್ತಿರುವ ಒಂದು ಪುಟ್ಟ ಆ್ಯಪ್ ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಆ್ಯಪ್ ಒಂದು ಸಲ ಎದ್ದು, ‘ಇಲ್ಲಿ ಈ ಅಕ್ಷರ ತೋರಿಸು’ ಎಂಬ ಚೀಟಿಯೊಂದನ್ನು ಲಾಂಚರ್‌ಗೆ (ಹೋಮ್ ಸ್ಕ್ರೀನ್ ತೋರಿಸುವ ಆ್ಯಪ್‌ಗೆ) ಕೊಟ್ಟು ಮತ್ತೆ ಮಲಗುತ್ತದೆ. ಮುಂದಿನ ಚೀಟಿ ಬರುವವರೆಗೆ ಲಾಂಚರ್ ಹಳೆಯದನ್ನೇ ತೋರಿಸುತ್ತಿರುತ್ತದೆ. ಆ್ಯಪ್ ಬದುಕಿದೆಯೇ, ವೈಫೈ ಇದೆಯೇ ಎಂಬುದು ಲಾಂಚರ್‌ಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ರೌಟರ್ ಆಫ್ ಆದರೂ ನಿಮ್ಮ ವಿಜೆಟ್ 192.168.1.7 ಎಂದೇ ನಿಂತಿರುವುದು ಇದರಿಂದ. ಇನ್ನು ತಾನಾಗಿ ಹೊಸದಾಗುವ ಅವಧಿಯನ್ನು ಆ್ಯಪ್ ಎಷ್ಟೇ ಕಡಿಮೆ ಎಂದು ಬರೆದುಕೊಂಡರೂ ಆಂಡ್ರಾಯ್ಡ್ 30 ನಿಮಿಷಕ್ಕಿಂತ ಮೊದಲು ಅದನ್ನು ಎಬ್ಬಿಸುವುದಿಲ್ಲ. ಹಿನ್ನೆಲೆ ಕೆಲಸಗಳಿಗೆ ಹೊತ್ತು ನಿಗದಿ ಮಾಡುವ ವರ್ಕ್‌ಮ್ಯಾನೇಜರ್ ಮೂಲಕ ಹೋದರೂ ಕನಿಷ್ಠ 15 ನಿಮಿಷ.

ಹಿಂದೆ ಹೀಗಿರಲಿಲ್ಲ. ಜಾಲ ಬದಲಾದಾಗಲೆಲ್ಲ ವ್ಯವಸ್ಥೆಯೇ ಎಲ್ಲ ಆ್ಯಪ್‌ಗಳಿಗೂ ಸಾರಿ ಹೇಳುತ್ತಿತ್ತು, ಮಲಗಿದ್ದ ಆ್ಯಪ್ ಕೂಡ ಎದ್ದು ವಿಜೆಟ್ ಸರಿಪಡಿಸುತ್ತಿತ್ತು. ಒಂದು ವೈಫೈ ಬದಲಾವಣೆಗೆ ಹತ್ತಾರು ಆ್ಯಪ್‌ಗಳು ಒಟ್ಟಿಗೆ ಎದ್ದು ಬ್ಯಾಟರಿ ತಿನ್ನುತ್ತವೆಂದು 2016ರ ಆಂಡ್ರಾಯ್ಡ್ 7ರಲ್ಲಿ ಈ ಸಾರುವಿಕೆಯನ್ನು ಮಲಗಿರುವ ಆ್ಯಪ್‌ಗಳಿಗೆ ನಿಲ್ಲಿಸಿದರು. ಮರುವರ್ಷ ಆಂಡ್ರಾಯ್ಡ್ 8 ಹಿನ್ನೆಲೆಯಲ್ಲಿ ಸೇವೆಗಳನ್ನು ಓಡಿಸುವುದಕ್ಕೂ ಕಡಿವಾಣ ಹಾಕಿತು. ಹಳೆಯ ವಿಧಾನದಲ್ಲೇ ಬರೆದು ಬಿಟ್ಟ ವಿಜೆಟ್‌ಗಳು ಅಂದಿನಿಂದ ಹೀಗೆ ನಿಂತ ಸಂಖ್ಯೆಗಳನ್ನು ತೋರಿಸುತ್ತಿವೆ. ಈಗಿನ ಸರಿಯಾದ ದಾರಿಯೆಂದರೆ, ವೈಫೈ ಬಂದಾಗ ಎಬ್ಬಿಸು ಎಂದು ಆಂಡ್ರಾಯ್ಡ್‌ನಲ್ಲಿ ಜಾಲಗಳನ್ನು ನೋಡಿಕೊಳ್ಳುವ ಕನೆಕ್ಟಿವಿಟಿ ಮ್ಯಾನೇಜರ್ ಬಳಿ ಮುಂಚಿತವಾಗಿ ಹೆಸರು ಬರೆಸಿಟ್ಟು, ಎದ್ದಾಗ ಆ ಜಾಲದ ಲಿಂಕ್ ಪ್ರಾಪರ್ಟೀಸ್‌ನಿಂದ (ಸಂಪರ್ಕದ ವಿವರಗಳಿಂದ) ವಿಳಾಸ ಓದುವುದು. ಅನೇಕ ಹಳೆಯ ವಿಜೆಟ್‌ಗಳು ಬಳಸುವ ವೈಫೈ ಮ್ಯಾನೇಜರ್‌ನ ವಿಧಾನ ನಾಲ್ಕನೇ ಆವೃತ್ತಿಯ ವಿಳಾಸವನ್ನು ಮಾತ್ರ ಕೊಡುತ್ತದೆ, ಅದನ್ನು ಆಂಡ್ರಾಯ್ಡ್ 12ರಲ್ಲಿ ಬಳಕೆಯಿಂದ ಹಿಂದೆ ಸರಿಸಿಯೂ ಆಗಿದೆ.

ವಿಜೆಟ್ ಆರಿಸುವಾಗ ನಾನು ನೋಡುವುದು ಎರಡೇ ಸಂಗತಿ. ಒಂದು, ಸಂಖ್ಯೆಯ ಕೆಳಗೆ ಅದನ್ನು ಓದಿದ ಹೊತ್ತು ಬರೆದಿದೆಯೇ? ಇನ್ನೊಂದು, ಮುಟ್ಟಿದರೆ ಆ ಕ್ಷಣವೇ ಹೊಸದಾಗಿ ಓದುತ್ತದೆಯೇ? ಹೊತ್ತು ತೋರಿಸದ ವಿಜೆಟ್ ನನ್ನ ಪ್ರಕಾರ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಸಂಖ್ಯೆಯೇ ಇಲ್ಲದಿದ್ದರೆ ನೀವು ಸೆಟ್ಟಿಂಗ್ಸ್‌ಗೆ ಹೋಗಿ ನೋಡುತ್ತೀರಿ. ತಪ್ಪು ಸಂಖ್ಯೆ ಇದ್ದರೆ ಕ್ಯಾಮೆರಾ ಕೆಟ್ಟಿದೆ, ರೌಟರ್ ಕೆಟ್ಟಿದೆ ಎಂದು ಇಲ್ಲದ ದೋಷ ಹುಡುಕುತ್ತೀರಿ.

ಹುಳುಮನೆ_ಶಿಡ್ಲಘಟ್ಟ

ನೀವು ಹೇಳಿದಂತೆ ನೋಡಿದೆ ಅಣ್ಣ, ನನ್ನ ವಿಜೆಟ್‌ನಲ್ಲಿ ಹೊತ್ತು ತೋರಿಸುವ ಸೌಲಭ್ಯವಿಲ್ಲ. ಫೋನು ಸದಾ ಚಾರ್ಜರ್‌ಗೆ ಸಿಕ್ಕಿಸಿಯೇ ಇರುತ್ತದೆ. ಹಾಗಿದ್ದರೂ ಬ್ಯಾಟರಿ ಉಳಿಸುವ ನಿಯಮಗಳು ಅಡ್ಡಬರುತ್ತವೆಯೇ?

ಚಿಂತಾಮಣಿ_ಆ್ಯಪ್

ಆಂಡ್ರಾಯ್ಡ್ 6ರಿಂದ ಬಂದಿರುವ ಡೋಜ್ ಎಂಬ ನಿದ್ದೆ ಚಾರ್ಜರ್ ಕಳಚಿದ್ದಾಗ ಮಾತ್ರ ಹಿಡಿಯುತ್ತದೆ, ಅಂದರೆ ನಿಮ್ಮಲ್ಲಿ ಕರೆಂಟು ಹೋದ ಹೊತ್ತಿನಲ್ಲಿ. ಕರೆಂಟು ಮರಳಿದ ಕೂಡಲೇ ಅದು ಬಿಡುತ್ತದೆ. ಹಾಗಾಗಿ ನಿಮ್ಮ ತೊಂದರೆಗೆ ಡೋಜ್ ಕಾರಣವಲ್ಲ. ಆದರೆ ಕೆಲವು ಫೋನ್ ತಯಾರಕರು ಇದರ ಮೇಲೆ ತಮ್ಮದೇ ಬ್ಯಾಟರಿ ಕಾವಲನ್ನು ಇಟ್ಟಿರುತ್ತಾರೆ, ಅದು ಚಾರ್ಜರ್ ಇದ್ದರೂ ಹಿನ್ನೆಲೆಯ ಆ್ಯಪ್‌ಗಳನ್ನು ಕೊಲ್ಲುತ್ತದೆ. ಆ ಆ್ಯಪ್‌ನ ಮಾಹಿತಿ ಪುಟಕ್ಕೆ ಹೋಗಿ ಬ್ಯಾಟರಿ ವಿಭಾಗದಲ್ಲಿ ನಿರ್ಬಂಧವಿಲ್ಲ ಎಂಬುದನ್ನು ಆರಿಸಿ, ತಾನಾಗಿ ಆರಂಭವಾಗಲು ಅನುಮತಿ ಕೇಳುವ ಸ್ವಿಚ್ ಇದ್ದರೆ ಅದನ್ನೂ ಆನ್ ಮಾಡಿ. ಕ್ಯಾಮೆರಾ ಆ್ಯಪ್‌ಗೂ ಇದನ್ನೇ ಮಾಡಿ.

ಕೋಲಾರ_ಫೈಬರ್

ನನ್ನ ಅಭಿಪ್ರಾಯ ಸ್ವಲ್ಪ ಬೇರೆ ಇದೆ. ಕೋಲಾರ ಮತ್ತು ಮಾಲೂರಿನ ಕಡೆ ಮನೆ ಮನೆಗೆ ಫೈಬರ್ ಎಳೆದು ರೌಟರ್ ಕೂರಿಸುವವನು ನಾನು. ಬದಲಾಗುವ ವಿಳಾಸವನ್ನು ಬೆನ್ನಟ್ಟುವ ವಿಜೆಟ್ ಹುಡುಕುವುದಕ್ಕಿಂತ ವಿಳಾಸವೇ ಬದಲಾಗದಂತೆ ಮಾಡುವುದು ಸುಲಭ. ಕ್ಯಾಮೆರಾ, ಪ್ರಿಂಟರ್ ಮುಂತಾದ ಒಂದೇ ಕಡೆ ಕೂರುವ ಸಾಧನಗಳಿಗೆ ನಾವು ಇದನ್ನೇ ಮಾಡುತ್ತೇವೆ.

ವಿಳಾಸ ಹಂಚುವುದು ರೌಟರ್‌ನೊಳಗಿನ ಡಿಎಚ್‌ಸಿಪಿ. ಯಾವ ಸಾಧನಕ್ಕೆ ಯಾವ ಸಂಖ್ಯೆ ಕೊಟ್ಟಿದ್ದೇನೆ ಎಂಬ ಪಟ್ಟಿಯನ್ನು ಅಗ್ಗದ ರೌಟರ್‌ಗಳು ಹೆಚ್ಚಾಗಿ ತಾತ್ಕಾಲಿಕ ಸ್ಮರಣೆಯಲ್ಲೇ ಇಡುವುದರಿಂದ, ಕರೆಂಟು ಹೋದರೆ ಪಟ್ಟಿಯೂ ಹೋಗುತ್ತದೆ, ಮತ್ತೆ ಆನ್ ಆದಾಗ ಮೊದಲು ಬಂದವರಿಗೆ ಮೊದಲ ಸಂಖ್ಯೆ ಎಂಬಂತಾಗುತ್ತದೆ. ರೌಟರ್‌ನ ಪುಟವನ್ನು ತೆರೆದು (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ವಿಳಾಸ ಕಾದಿರಿಸುವ ಭಾಗದಲ್ಲಿ ಹುಳುಮನೆಯ ಫೋನಿನ ಮ್ಯಾಕ್ ಸಂಖ್ಯೆಯ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಎದುರಿಗೆ ನಿಮಗೆ ಬೇಕಾದ ವಿಳಾಸ ಬರೆದಿಟ್ಟರೆ ಸಾಕು.

ಇಲ್ಲಿ ಎಡವುವ ಜಾಗ ಒಂದಿದೆ. ಆಂಡ್ರಾಯ್ಡ್ 10ರಿಂದ ಫೋನುಗಳು ತಮ್ಮ ನಿಜವಾದ ಮ್ಯಾಕ್ ಸಂಖ್ಯೆ ಹೇಳದೆ ಪ್ರತಿ ವೈಫೈ ಹೆಸರಿಗೂ ಒಂದು ಕೃತಕ ಸಂಖ್ಯೆ ತಯಾರಿಸಿ ಕೊಡುತ್ತವೆ. ಫೋನಿನ ಡಬ್ಬದ ಮೇಲೆ ಮುದ್ರಿಸಿರುವ ಸಂಖ್ಯೆಯನ್ನು ರೌಟರ್‌ನಲ್ಲಿ ಬರೆದು, ಕಾದಿರಿಸಿದ್ದು ಕೆಲಸ ಮಾಡುತ್ತಿಲ್ಲ ಎಂದು ಕರೆ ಮಾಡುವವರು ಬಹಳ. ಆ ವೈಫೈನ ವಿವರಗಳಲ್ಲಿ ಪ್ರೈವೆಸಿ ಎಂಬಲ್ಲಿ ಫೋನಿನ ಸ್ವಂತ ಮ್ಯಾಕ್ ಬಳಸುವಂತೆ ಆರಿಸಿಕೊಂಡು, ಮರುಸಂಪರ್ಕಿಸಿ, ಆಮೇಲೆ ರೌಟರ್‌ನ ಪಟ್ಟಿಯಲ್ಲಿ ಕಾಣುವ ಸಂಖ್ಯೆಯನ್ನೇ ಬರೆಯಿರಿ. ಜೊತೆಗೆ ರೌಟರ್‌ಗೆ ಒಂದು 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿದರೆ ಸಣ್ಣಪುಟ್ಟ ಕರೆಂಟು ಕಡಿತಕ್ಕೆ ಅದು ಆಫ್ ಆಗುವುದೇ ಇಲ್ಲ. ಹಾಕುವ ಮುಂಚೆ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟೇಜ್ ನೋಡಿಕೊಳ್ಳಿ.

ಹುಳುಮನೆ_ಶಿಡ್ಲಘಟ್ಟ

ಅಣ್ಣ, ರೌಟರ್ ಹಾಕಿದವರು ಅದರ ಒಳಪುಟದ ಪಾಸ್‌ವರ್ಡ್ ಕೊಟ್ಟಿಲ್ಲ. ಕೇಳಿದರೆ ಕೊಡುವ ಹಾಗಿಲ್ಲ ಎನ್ನುತ್ತಾರೆ. ಬೇರೆ ದಾರಿ ಇದೆಯೇ?

ಕೋಲಾರ_ಫೈಬರ್

ಇದೆ. ಫೋನಿನಲ್ಲೇ ಆ ವೈಫೈನ ಐಪಿ ಸೆಟ್ಟಿಂಗ್ಸ್ ಅನ್ನು ಡಿಎಚ್‌ಸಿಪಿಯಿಂದ ಸ್ಟ್ಯಾಟಿಕ್‌ಗೆ ಬದಲಿಸಿ. ಗೇಟ್‌ವೇ (ರೌಟರ್‌ನ ವಿಳಾಸ) ಈಗ ಇರುವುದನ್ನೇ ಉಳಿಸಿ, ಪ್ರಿಫಿಕ್ಸ್ ಉದ್ದ 24 ಇರಲಿ, ಡಿಎನ್‌ಎಸ್‌ಗೆ ಗೇಟ್‌ವೇ ಸಂಖ್ಯೆಯನ್ನೇ ಕೊಡಬಹುದು. ವಿಳಾಸ ಮಾತ್ರ ರೌಟರ್ ಬೇರೆಯವರಿಗೆ ಹಂಚದಂಥದ್ದಾಗಿರಬೇಕು, ಇಲ್ಲದಿದ್ದರೆ ಒಂದೇ ಸಂಖ್ಯೆಗೆ ಇಬ್ಬರು ಬಂದು ಎರಡೂ ಸಾಧನಗಳ ಸಂಪರ್ಕ ಆಗಾಗ ಕಡಿಯುತ್ತದೆ. ರೌಟರ್ ಎಲ್ಲಿಂದ ಎಲ್ಲಿಯವರೆಗೆ ಹಂಚುತ್ತದೆ ಎಂಬ ಒಂದೇ ಮಾತನ್ನು ಹಾಕಿದವರಿಂದ ಕೇಳಿ ತಿಳಿದುಕೊಳ್ಳಿ. ಪಾಸ್‌ವರ್ಡ್ ಕೊಡದವರು ಇದನ್ನಾದರೂ ಹೇಳುತ್ತಾರೆ.

ತಿಪಟೂರು_ಟೀಚರ್

ಸ್ಥಿರ ವಿಳಾಸವೇ ಪರಿಹಾರವೆಂಬ ಮಾತು ಗೋಡೆಗೆ ಕಟ್ಟಿದ ಫೋನಿಗೆ ಸರಿ, ಕೈಯಲ್ಲಿ ಓಡಾಡುವ ಫೋನಿಗೆ ಅದು ಒಗ್ಗುವುದಿಲ್ಲ. ನಾನು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಪಾಠದ ವಿಡಿಯೊಗಳು ನನ್ನ ಫೋನಿನಲ್ಲಿರುತ್ತವೆ. ಲ್ಯಾಬಿನ ಕಂಪ್ಯೂಟರ್‌ಗಳಿಗೆ ಅವನ್ನು ಕಳುಹಿಸಲು ಫೈಲ್ ಮ್ಯಾನೇಜರ್‌ನ ಎಫ್‌ಟಿಪಿ ಸೌಲಭ್ಯ ಆನ್ ಮಾಡಿ, ವಿಳಾಸವನ್ನು ಬೋರ್ಡ್ ಮೇಲೆ ಬರೆಯುತ್ತೇನೆ. ಒಂದು ದಿನ ಶಾಲೆಯ ವೈಫೈ, ಇನ್ನೊಂದು ದಿನ ಅದು ಕೈಕೊಟ್ಟರೆ ನನ್ನದೇ ಹಾಟ್‌ಸ್ಪಾಟ್. ಹೀಗಿರುವಾಗ ವಿಜೆಟ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಆದರೆ ಹಾಟ್‌ಸ್ಪಾಟ್ ಹಾಕಿದಾಗ ನನ್ನ ವಿಜೆಟ್ ಮೊಬೈಲ್ ಡೇಟಾದ ವಿಳಾಸ ತೋರಿಸುತ್ತದೆ. ಮಕ್ಕಳು ಅದನ್ನು ಟೈಪ್ ಮಾಡಿದರೆ ಏನೂ ತೆರೆಯುವುದಿಲ್ಲ. ಹಳೆಯ ಫೋನಿನಲ್ಲಿ ಹಾಟ್‌ಸ್ಪಾಟ್ ವಿಳಾಸ ಯಾವಾಗಲೂ 192.168.43.1 ಇರುತ್ತಿತ್ತು, ಬಾಯಿಪಾಠವಾಗಿತ್ತು. ಈಗಿನದರಲ್ಲಿ ಹಾಗಿಲ್ಲ.

ತುಮಕೂರು_ಲ್ಯಾಬ್

ಮೇಡಂ, ಹೊಸ ಆಂಡ್ರಾಯ್ಡ್‌ಗಳು ಹಾಟ್‌ಸ್ಪಾಟ್‌ಗೆ ಬೇರೆ ಬೇರೆ ಸಂಖ್ಯೆಗಳನ್ನು ಆರಿಸಿಕೊಳ್ಳುತ್ತವೆ, ಹಾಗಾಗಿ ಆ ಬಾಯಿಪಾಠವನ್ನು ಇನ್ನು ನೆಚ್ಚಿಕೊಳ್ಳುವಂತಿಲ್ಲ. ವಿಜೆಟ್ ಮೊಬೈಲ್ ವಿಳಾಸ ತೋರಿಸಲು ಕಾರಣ, ಅದು ಕೇಳುವ ಪ್ರಶ್ನೆಯೇ ‘ಈಗ ಇಂಟರ್‌ನೆಟ್ ಬರುತ್ತಿರುವ ಜಾಲ ಯಾವುದು’ ಎಂಬುದಾಗಿರುತ್ತದೆ. ಹಾಟ್‌ಸ್ಪಾಟ್‌ನಿಂದ ಫೋನಿಗೆ ಇಂಟರ್‌ನೆಟ್ ಬರುವುದಿಲ್ಲ, ಫೋನಿನಿಂದ ಹೋಗುತ್ತದೆ. ವಿಪಿಎನ್ ಆನ್ ಮಾಡಿದಾಗಲೂ ಇದೇ ಕಾರಣಕ್ಕೆ ಅದರ ಸಂಖ್ಯೆ ಎದುರಿಗೆ ಬಂದು ವೈಫೈ ಸಂಖ್ಯೆ ಮರೆಯಾಗುತ್ತದೆ. ನಿಮಗೆ ಬೇಕಾದದ್ದು ಎಲ್ಲ ಇಂಟರ್‌ಫೇಸ್‌ಗಳನ್ನೂ (ಫೋನು ಜಾಲಕ್ಕೆ ಸೇರುವ ದಾರಿಗಳನ್ನೂ) ಹೆಸರು ಸಹಿತ ಪಟ್ಟಿ ಮಾಡುವ ವಿಜೆಟ್. ಅದರಲ್ಲಿ ಡಬ್ಲ್ಯೂಲ್ಯಾನ್0 ಎಂಬುದು ವೈಫೈ, ಆರ್‌ಎಂನೆಟ್ ಎಂದು ಶುರುವಾಗುವುದು ಅನೇಕ ಫೋನುಗಳಲ್ಲಿ ಮೊಬೈಲ್ ಡೇಟಾ, ಟನ್0 ಎಂಬುದು ವಿಪಿಎನ್. ಹಾಟ್‌ಸ್ಪಾಟ್‌ನ ಹೆಸರು ಫೋನಿನಿಂದ ಫೋನಿಗೆ ಬದಲಾಗುವುದರಿಂದ, ಅದನ್ನು ಆನ್ ಮಾಡಿದಾಗ ಹೊಸದಾಗಿ ಕಾಣಿಸಿಕೊಳ್ಳುವ ಸಾಲು ಯಾವುದೆಂದು ಒಮ್ಮೆ ಗುರುತಿಸಿಕೊಳ್ಳಿ.

ಇನ್ನೊಂದು ವಿಷಯ, ಅನುಮತಿಗಳದ್ದು. ಒಳಗಿನ ವಿಳಾಸ ಓದಲು ವಿಜೆಟ್‌ಗೆ ಲೊಕೇಶನ್ ಬೇಕಿಲ್ಲ. ವೈಫೈನ ಹೆಸರನ್ನೂ ತೋರಿಸಬೇಕೆಂದಾಗ ಮಾತ್ರ ಆಂಡ್ರಾಯ್ಡ್ ಲೊಕೇಶನ್ ಅನುಮತಿ ಕೇಳುತ್ತದೆ, ಏಕೆಂದರೆ ವೈಫೈ ಹೆಸರುಗಳಿಂದ ನೀವಿರುವ ಜಾಗವನ್ನು ಅಂದಾಜು ಮಾಡಬಹುದು. ಹೆಸರು ಬೇಡವೆಂದರೆ ಅನುಮತಿ ನಿರಾಕರಿಸಿ, ಆಗಲೂ ಸಂಖ್ಯೆ ಬರಬೇಕು. ಕಾಂಟ್ಯಾಕ್ಟ್ಸ್ ಅಥವಾ ಫೋಟೊ ಕೇಳುವ ಐಪಿ ವಿಜೆಟ್ ಅನ್ನು ಆ ಕ್ಷಣವೇ ತೆಗೆದುಹಾಕಿ. ಸಾರ್ವಜನಿಕ ವಿಳಾಸ ತೋರಿಸುವ ವಿಜೆಟ್‌ಗಳದ್ದು ಬೇರೆಯೇ ಕಥೆ: ಆ ಸಂಖ್ಯೆ ಹೊರಗಿನ ಸರ್ವರ್ ಒಂದನ್ನು ಕೇಳಿಯೇ ತಿಳಿಯಬೇಕಾದ್ದರಿಂದ, ಪ್ರತಿ ಸಲ ಹೊಸದಾದಾಗಲೂ ಯಾರದೋ ಸರ್ವರ್‌ನಲ್ಲಿ ನಿಮ್ಮ ವಿಳಾಸ ಮತ್ತು ಹೊತ್ತು ದಾಖಲಾಗಬಹುದು. ಒಳಗಿನ 192.168 ವಿಳಾಸದ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿದರೆ ಏನೂ ಆಗದು. ಉದ್ದನೆಯ ಆರನೇ ಆವೃತ್ತಿಯ ವಿಳಾಸವಿದ್ದರೆ ಅದನ್ನು ಮುಚ್ಚಿ ಹಾಕಿ, ಅದು ಸಾಮಾನ್ಯವಾಗಿ ಹೊರಗಿನ ಜಗತ್ತಿಗೂ ಕಾಣುವ ವಿಳಾಸವೇ ಆಗಿರುತ್ತದೆ.

ಬಾಗೇಪಲ್ಲಿ_ಐಫೋನ್

ಐಫೋನ್ ಇರುವವರು ಏನು ಮಾಡಬೇಕು? ಇಲ್ಲಿ ಎಲ್ಲರೂ ಆಂಡ್ರಾಯ್ಡ್ ಬಗ್ಗೆಯೇ ಮಾತನಾಡುತ್ತಿದ್ದೀರಿ.

ಚಿಂತಾಮಣಿ_ಆ್ಯಪ್

ಐಫೋನ್‌ನಲ್ಲಿ ಹೋಮ್ ಸ್ಕ್ರೀನ್ ವಿಜೆಟ್‌ಗಳು ಬಂದದ್ದೇ 2020ರ ಐಒಎಸ್ 14ರಲ್ಲಿ. ಅಲ್ಲಿ ಹೊಸದಾಗುವುದಕ್ಕೆ ದಿನದ ಲೆಕ್ಕವಿದೆ: ಆಗಾಗ ಕಣ್ಣಿಗೆ ಬೀಳುವ ವಿಜೆಟ್‌ಗೂ ದಿನಕ್ಕೆ ಸುಮಾರು 40ರಿಂದ 70 ಸಲ ಎಂದು ಆ್ಯಪಲ್ ಹೇಳುತ್ತದೆ. ಆದ್ದರಿಂದ ಅಲ್ಲೂ ನಿಂತ ಸಂಖ್ಯೆಯ ಕಾಟ ತಪ್ಪಿದ್ದಲ್ಲ. ಬೇರೆ ಆ್ಯಪ್ ಹಾಕುವ ಬದಲು ಶಾರ್ಟ್‌ಕಟ್ಸ್ ಆ್ಯಪ್‌ನಲ್ಲಿ ಐಪಿ ವಿಳಾಸ ಪಡೆಯುವ ಕ್ರಿಯೆಯನ್ನು ಆರಿಸಿ, ಒಳಗಿನದು ಎಂದು ಗುರುತಿಸಿ, ಅದರ ಮುಂದೆ ಫಲಿತಾಂಶ ತೋರಿಸುವ ಕ್ರಿಯೆ ಸೇರಿಸಿ, ಅದನ್ನೇ ಹೋಮ್ ಸ್ಕ್ರೀನ್‌ಗೆ ಹಾಕಿಕೊಳ್ಳಿ. ಮುಟ್ಟಿದಾಗ ಆ ಕ್ಷಣದ ವಿಳಾಸ ಬರುತ್ತದೆ.

ಟೀಚರ್ ಮೇಡಂ ಅವರಿಗೆ ಆಂಡ್ರಾಯ್ಡ್‌ನಲ್ಲೂ ಇಂಥದ್ದೇ ಸಲಹೆ ಕೊಡುತ್ತೇನೆ. ಮೇಲಿನಿಂದ ಎಳೆಯುವ ಕ್ವಿಕ್ ಸೆಟ್ಟಿಂಗ್ಸ್ ಫಲಕದಲ್ಲಿ ಆ್ಯಪ್‌ಗಳು ತಮ್ಮ ಬಿಲ್ಲೆ (ಟೈಲ್) ಇಡಲು ಆಂಡ್ರಾಯ್ಡ್ 7ರಿಂದ ಅವಕಾಶವಿದೆ. ವಿಜೆಟ್‌ಗೂ ಬಿಲ್ಲೆಗೂ ಇರುವ ವ್ಯತ್ಯಾಸವೆಂದರೆ, ನೀವು ಫಲಕ ಎಳೆದಾಗ ‘ಈಗ ನೋಡುತ್ತಿದ್ದಾರೆ, ಹೊಸದಾಗಿ ಹೇಳು’ ಎಂದು ವ್ಯವಸ್ಥೆಯೇ ಆ್ಯಪ್ ಅನ್ನು ಎಬ್ಬಿಸುತ್ತದೆ. ನೋಡುವ ಹೊತ್ತಿಗೆ ಓದುವುದೇ ಸರಿಯಾದ ವಿಧಾನ, ವಿಜೆಟ್‌ನ ಮೂಲ ದೋಷವೇ ಅದು ಹಾಗೆ ಮಾಡಲಾಗದಿರುವುದು. ಆದರೆ ಹುಳುಮನೆಯವರ ತಾಯಿಯವರು ಫಲಕ ಎಳೆಯುವುದಕ್ಕಿಂತ ದೊಡ್ಡ ಅಂಕಿಯ ವಿಜೆಟ್ ಅನ್ನು ಒಮ್ಮೆ ಮುಟ್ಟಿ ಓದುವುದೇ ಸುಲಭ ಎನಿಸುತ್ತದೆ.

ಹುಳುಮನೆ_ಶಿಡ್ಲಘಟ್ಟ

ಎಲ್ಲರಿಗೂ ಧನ್ಯವಾದಗಳು. ರೌಟರ್ ಹಾಕಿದವರು 2ರಿಂದ 100ರವರೆಗೆ ಹಂಚುತ್ತದೆ ಎಂದು ಹೇಳಿದರು. ಫೋನಿಗೆ 192.168.1.150 ಎಂದು ಸ್ಥಿರವಾಗಿ ಕೊಟ್ಟು, ಮನೆಯ ಫೋನಿನಲ್ಲಿ ಆ ಪುಟವನ್ನು ಬುಕ್‌ಮಾರ್ಕ್ ಮಾಡಿದ್ದೇನೆ. ಕರೆಂಟು ಹೋಗಿ ಬಂದರೂ ಈಗ ತೆರೆಯುತ್ತಿದೆ. ಹಳೆಯ ವಿಜೆಟ್ ತೆಗೆದು, ಓದಿದ ಹೊತ್ತನ್ನೂ ತೋರಿಸಿ ಮುಟ್ಟಿದರೆ ಹೊಸದಾಗುವ ಒಂದನ್ನು ಹಾಕಿದ್ದೇನೆ.

ಒಂದು ಸಂಗತಿ ಮಾತ್ರ ತಿಳಿಯಲಿಲ್ಲ. ಗೂಡು ಬಿಡಿಸಿದ ಮೇಲೆ ಬ್ಲೀಚಿಂಗ್ ದ್ರಾವಣ ಹೊಡೆಯುವಾಗ ಫೋನನ್ನು ಹೊರಗೆ ತಂದಿಟ್ಟಿದ್ದೆ. ಆಗ ಪಕ್ಕದಲ್ಲಿದ್ದ ನನ್ನ ಲ್ಯಾಪ್‌ಟಾಪ್‌ನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಾಣಿಸಿತು, ಇಂಟರ್‌ನೆಟ್ ಇರಲಿಲ್ಲ. ಸ್ಥಿರ ವಿಳಾಸ ಕೊಟ್ಟದ್ದರಿಂದ ಹೀಗಾಯಿತೇ?

ಕೋಲಾರ_ಫೈಬರ್

ಅದಕ್ಕೂ ಇದಕ್ಕೂ ಸಂಬಂಧವಿಲ್ಲ. 169.254 ಎಂದರೆ ಲ್ಯಾಪ್‌ಟಾಪ್ ರೌಟರ್‌ನಿಂದ ವಿಳಾಸ ಕೇಳಿ, ಉತ್ತರ ಸಿಗದೆ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ವೈಫೈ ಸಿಗ್ನಲ್ ತೀರಾ ಕಡಿಮೆಯಿದ್ದಾಗ ಅಥವಾ ರೌಟರ್ ಇನ್ನೂ ಪೂರ್ತಿ ಆನ್ ಆಗಿರದಿದ್ದಾಗ ಹೀಗಾಗುತ್ತದೆ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಸಿಗ್ನಲ್ ನೋಡಬೇಕು. ಹುಳುಮನೆಯ ಒದ್ದೆ ಗೋಡೆ, ಒದ್ದೆ ಗೋಣಿಚೀಲಗಳು ವೈಫೈ ಸಿಗ್ನಲ್ ಅನ್ನು ಹೀರಿಕೊಳ್ಳುತ್ತವೆ, ಅದಕ್ಕೇ ಅಂಥ ಕಡೆ ನಾವು 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೇ ಸಾಧನಗಳನ್ನು ಜೋಡಿಸುತ್ತೇವೆ.

ತುಮಕೂರು_ಲ್ಯಾಬ್

ಇದಕ್ಕೊಂದು ಮಾತು ಸೇರಿಸುತ್ತೇನೆ. 2.4ಕ್ಕೆ ಜೋಡಿಸಲು ಕೆಲವರು ರೌಟರ್‌ನ ಅತಿಥಿ ವೈಫೈಗೆ ಕ್ಯಾಮೆರಾ ಫೋನನ್ನು ಸೇರಿಸುತ್ತಾರೆ. ಅತಿಥಿ ಜಾಲದಲ್ಲಿ ಸಾಧನಗಳು ಒಂದನ್ನೊಂದು ನೋಡದಂತೆ ತಡೆ ಇರುವುದು ಸಾಮಾನ್ಯ. ಆಗ ವಿಜೆಟ್ ಸರಿಯಾದ ವಿಳಾಸವನ್ನೇ ತೋರಿಸಿದರೂ ಪುಟ ತೆರೆಯುವುದಿಲ್ಲ. ಎರಡೂ ಫೋನುಗಳು ಮುಖ್ಯ ವೈಫೈನಲ್ಲೇ ಇರಲಿ.